ಮಗನಿಗೆ 18 ತುಂಬಿದ ಮೇಲೆ ಜೀವನಾಂಶ ಅರ್ಧಕ್ಕೆ ಇಳಿಸಬಹುದೇ?

ಹುಬ್ಬಳ್ಳಿಯ ಕೌಟುಂಬಿಕ ನ್ಯಾಯಾಲಯದ ಆದೇಶದಂತೆ ಇಬ್ಬರು ಮಕ್ಕಳಿಗೆ ತಿಂಗಳಿಗೆ ₹12,000 ಕಟ್ಟುತ್ತಿದ್ದೀರಿ. ಬರುವ ತಿಂಗಳು ಮಗನಿಗೆ 18 ತುಂಬುತ್ತದೆ, ಮಗಳಿಗೆ ಇನ್ನೂ 15. ಪಗಾರ ಕಡಿಮೆಯಾಗಿದೆ, ಮಕ್ಕಳನ್ನು ಭೇಟಿಗೂ ಕಳಿಸುತ್ತಿಲ್ಲ, ಇನ್ನು ₹6,000 ಅಷ್ಟೇ ಹಾಕಿದರೆ ನಡೀತದ ಏನು ಅಂತ ಕೇಳಿದ್ದೀರಿ. ಮೊದಲು ಆದೇಶದ ಕೊನೆಯ ಪುಟ ತೆಗೆದು ನೋಡ್ರಿ.

ಅಲ್ಲಿ ‘ಪ್ರತಿ ಮಗುವಿಗೆ ತಲಾ ₹6,000, ಪ್ರಾಪ್ತ ವಯಸ್ಕರಾಗುವವರೆಗೆ’ ಎಂದಿದ್ದರೆ ಮಗನ ಪಾಲು 18ಕ್ಕೆ ನಿಲ್ಲುತ್ತದೆ. ‘ಇಬ್ಬರು ಮಕ್ಕಳ ಪೋಷಣೆಗೆ ಒಟ್ಟು ₹12,000’ ಎಂದಿದ್ದರೆ ನೀವೇ ಭಾಗಾಕಾರ ಮಾಡಿಕೊಳ್ಳುವಂತಿಲ್ಲ. ಅದರಲ್ಲಿ ಮಗಳ ಪಾಲು ಸರಿಯಾಗಿ ಅರ್ಧವೇ ಎಂದು ಯಾವ ನ್ಯಾಯಾಧೀಶರೂ ಹೇಳಿಲ್ಲ. ಆದೇಶ ಇಂಗ್ಲಿಷಿನಲ್ಲಿದ್ದರೆ ಮೊತ್ತದ ಮುಂದೆ ‘ಈಚ್’ ಅನ್ನುವ ಒಂದು ಪದ ಇದೆಯೋ ಇಲ್ಲವೋ ಹುಡುಕಿ. ಆ ಒಂದು ಪದದ ಮೇಲೆ ಮುಂದಿನ ಮೂರು ವರ್ಷದ ಲೆಕ್ಕ ನಿಂತಿರುತ್ತದೆ.

ಯಾವ ಕಾನೂನಿನ ಕೆಳಗೆ ಆದೇಶವಾಗಿದೆ ಅನ್ನುವುದೂ ಮುಖ್ಯ. ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144 ಆಗಿದೆ. ಹಳೆಯ ಆದೇಶಗಳು ಹಾಗೆಯೇ ಜಾರಿಯಲ್ಲಿವೆ. ಈ ಕಲಮಿನಲ್ಲಿ 18 ದಾಟಿದ ಮಗನಿಗೆ ಜೀವನಾಂಶ ಸಿಗುವುದು, ದೈಹಿಕ ಅಥವಾ ಮಾನಸಿಕ ತೊಂದರೆಯಿಂದ ದುಡಿದು ಬದುಕಲಾಗದಿದ್ದರೆ ಮಾತ್ರ. ಕಾಲೇಜು ಕಲಿಯುತ್ತಿದ್ದಾನೆ ಎಂಬುದು ಅದಕ್ಕೆ ಸಾಲದು. ಆದರೆ ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ‘ಪದವಿ ಮುಗಿಯುವವರೆಗೆ ಫೀ ಕಟ್ಟುತ್ತೇನೆ’ ಎಂದು ರಾಜಿ ಪತ್ರಕ್ಕೆ ಸಹಿ ಹಾಕಿದ್ದರೆ ಆ ಮಾತಿಗೆ ನೀವು ಬದ್ಧರು.

ಮಗಳ ವಿಷಯ ಬೇರೆ, ಇಲ್ಲೇ ಬಹಳ ಮಂದಿ ಎಡವುತ್ತಾರೆ. 144ರಲ್ಲಿ ಅವಳಿಗೂ 18ರ ಗೆರೆಯೇ. ಆದರೆ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಕಲಂ ಪ್ರಕಾರ, ತನ್ನ ದುಡಿಮೆ ಅಥವಾ ಆಸ್ತಿಯಿಂದ ಬದುಕಲಾಗದ ಅವಿವಾಹಿತ ಮಗಳನ್ನು ಸಾಕುವ ಹೊಣೆ 18ರ ನಂತರವೂ ಇರುತ್ತದೆ. 2020ರಲ್ಲಿ ಸುಪ್ರೀಂ ಕೋರ್ಟ್ ಅಭಿಲಾಷಾ ಪ್ರಕರಣದಲ್ಲಿ ಈ ಎರಡು ದಾರಿಗಳನ್ನು ಬಿಡಿಸಿ ಹೇಳಿತು: ವಯಸ್ಕ ಮಗಳು ಇದನ್ನು ಕೇಳಬೇಕಾದದ್ದು 1956ರ ಕಾಯ್ದೆಯಲ್ಲಿ, 125ರಲ್ಲಿ ಅಲ್ಲ. ಮದುವೆಯ ಯೋಗ್ಯ ಖರ್ಚೂ ಅದೇ ಕಾಯ್ದೆಯ ಜೀವನಾಂಶದ ವ್ಯಾಖ್ಯೆಯೊಳಗೆ ಬರುತ್ತದೆ. ನಮ್ಮ ಕಡೆ ‘ನಾವು ಲಿಂಗಾಯತರು, ಇದು ನಮಗೆ ಹತ್ತುವುದಿಲ್ಲ’ ಅನ್ನುವವರಿದ್ದಾರೆ. ಕಾಯ್ದೆಯ 2ನೇ ಕಲಂ ವೀರಶೈವ, ಲಿಂಗಾಯತ ಎಂದು ಹೆಸರು ಹಿಡಿದೇ ಬರೆದಿದೆ.

ವಯಸ್ಸಿನ ಲೆಕ್ಕ ಸರಳ. 1875ರ ಪ್ರಾಪ್ತ ವಯಸ್ಸಿನ ಕಾಯ್ದೆಯಂತೆ ಹದಿನೆಂಟನೇ ಹುಟ್ಟುಹಬ್ಬದ ದಿನ ಶುರುವಾಗುತ್ತಲೇ ಮಗ ಪ್ರಾಪ್ತ ವಯಸ್ಕ. ಗೊಂದಲವಾಗುವುದು ಶಾಲೆಯಲ್ಲಿ ಬರೆಸಿದ ತಾರೀಖು ಒಂದು, ಪಾಲಿಕೆಯ ಜನನ ಪ್ರಮಾಣಪತ್ರದ ತಾರೀಖು ಇನ್ನೊಂದು ಇದ್ದಾಗ. ಅರ್ಜಿಯಲ್ಲಿ ಯಾವುದನ್ನು ತೋರಿಸಿದ್ದರು ನೋಡಿಕೊಳ್ಳಿ. ಆ ತಿಂಗಳಿನದನ್ನು ಪೂರ್ತಿ ಕಟ್ಟಿಬಿಡಿ; ಎರಡು ವಾರದ ರೊಕ್ಕಕ್ಕಾಗಿ ಬಾಕಿದಾರ ಅನ್ನಿಸಿಕೊಳ್ಳಬೇಡಿ.

ಭೇಟಿಗೆ ಬಿಡುತ್ತಿಲ್ಲ ಎಂದು ಹಣ ತಡೆಯುವಂತಿಲ್ಲ. ಭೇಟಿಗೆ ಅದೇ ನ್ಯಾಯಾಲಯದಲ್ಲಿ ಬೇರೆ ಅರ್ಜಿ ಹಾಕಬೇಕು. ಮಕ್ಕಳ ತಾಯಿ ಮರುಮದುವೆಯಾದರೂ, ನೀವಾದರೂ, ಮಕ್ಕಳ ಹಕ್ಕು ಅಳಿಯುವುದಿಲ್ಲ. ವಿಚ್ಛೇದನದಲ್ಲಿ ‘ಒಂದೇ ಗಂಟು ಕೊಟ್ಟಿದ್ದೇನೆ, ಇನ್ನು ಮಕ್ಕಳಿಗೂ ಏನೂ ಇಲ್ಲ’ ಎಂದು ಬರೆಸಿಕೊಂಡ ಸಾಲಿಗೂ ಮಕ್ಕಳ ಮಟ್ಟಿಗೆ ತೂಕ ಕಡಿಮೆ, ಏಕೆಂದರೆ ಅವರ ಹಕ್ಕನ್ನು ತಾಯಿ ಬಿಟ್ಟುಕೊಡಲಾರಳು.

ಪಗಾರ ಇಳಿದದ್ದಕ್ಕೂ, ಆದೇಶದಲ್ಲಿ ‘ಒಟ್ಟು’ ಎಂದಿದ್ದರೆ ಅದಕ್ಕೂ ದಾರಿ ಒಂದೇ: ಆದೇಶ ಕೊಟ್ಟ ನ್ಯಾಯಾಲಯದಲ್ಲೇ 146ನೇ ಕಲಂ (ಹಿಂದಿನ 127) ಅಡಿ ಮಾರ್ಪಾಡಿನ ಅರ್ಜಿ. ಇದಕ್ಕಾಗಿ ನೇರ ಧಾರವಾಡದ ಹೈಕೋರ್ಟ್ ಪೀಠಕ್ಕೆ ಓಡಬೇಕಿಲ್ಲ. ಅದು ಆದೇಶವೇ ತಪ್ಪು ಎಂದು ಪ್ರಶ್ನಿಸುವವರ ಜಾಗ. ಆದೇಶದ ದೃಢೀಕೃತ ನಕಲು, ಮಗನ ಜನನ ಪ್ರಮಾಣಪತ್ರ, ಪಗಾರ ಇಳಿಯುವ ಮುಂಚಿನ ಮತ್ತು ನಂತರದ ಪಗಾರ ಚೀಟಿಗಳು, ಬ್ಯಾಂಕ್ ಸ್ಟೇಟ್‌ಮೆಂಟ್, ಈವರೆಗೆ ಕಟ್ಟಿದ್ದರ ಪಟ್ಟಿ ಜೋಡಿಸಿ. ಆಸ್ತಿ ಮತ್ತು ಸಾಲದ ಪ್ರಮಾಣಪತ್ರವೂ (ಅಫಿಡವಿಟ್) ಬೇಕಾಗುತ್ತದೆ. ಸುಪ್ರೀಂ ಕೋರ್ಟಿನ 2020ರ ನವೆಂಬರ್ 4ರ ರಜನೀಶ್–ನೇಹಾ ತೀರ್ಪು ಇದನ್ನು ಎರಡೂ ಕಡೆಯವರಿಗೆ ಕಡ್ಡಾಯ ಮಾಡಿದೆ. ಊರ ಹೊಲ, ಬಾಡಿಗೆಗೆ ಕೊಟ್ಟ ಖೋಲಿ ಅದರಲ್ಲಿ ಮುಚ್ಚಿಟ್ಟು ಸಿಕ್ಕಿಬಿದ್ದರೆ ನಿಜವಾದ ನಷ್ಟವನ್ನೂ ಯಾರೂ ನಂಬುವುದಿಲ್ಲ. ಅರ್ಜಿ ತೀರ್ಮಾನವಾಗುವವರೆಗೆ ಹಳೆಯ ಮೊತ್ತವೇ ನಡೆಯುತ್ತದೆ, ಹಾಗಾಗಿ ತಡ ಮಾಡಿದಷ್ಟೂ ನಿಮಗೇ ಪೆಟ್ಟು. ಹಿಂದಿನ ಬಾಕಿ ಮನ್ನಾ ಆದೀತೆಂದು ಲೆಕ್ಕ ಹಾಕಬೇಡಿ.

ಸುಮ್ಮನೆ ಅರ್ಧ ಹಾಕುತ್ತಾ ಹೋದರೆ ತಿಂಗಳಿಗೆ ₹6,000ದಂತೆ 10 ತಿಂಗಳಿಗೆ ₹60,000 ಬಾಕಿ. ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ಅವರು ಅರ್ಜಿ ಹಾಕಿದರೆ ವಸೂಲಿ ವಾರಂಟ್ ಹೊರಡುತ್ತದೆ. ಆಗಲೂ ಕಟ್ಟದಿದ್ದರೆ ಒಂದು ತಿಂಗಳವರೆಗೆ ಜೈಲು, ಮತ್ತು ಜೈಲಿಗೆ ಹೋಗಿ ಬಂದರೂ ಬಾಕಿ ಹಾಗೇ ಉಳಿಯುತ್ತದೆ. ಸಿವಿಲ್ ಡಿಕ್ರಿಯಂತೆ ಜಾರಿ ಮಾಡಿಸಿದರೆ ಪಗಾರದ ಮೂರರಲ್ಲೆರಡು ಪಾಲಿನವರೆಗೆ ಜಪ್ತಿ ಮಾಡಬಹುದು.

ಇನ್ನು ಕಟ್ಟುವ ರೀತಿ. ಹಳೇ ಬಸ್ ನಿಲ್ದಾಣದ ಹತ್ತಿರ ಕೈಗೆ ಕೊಟ್ಟ ರೊಕ್ಕ, ಮಕ್ಕಳ ಸೋದರಮಾವನ ಫೋನ್‌ಪೇಗೆ ಹಾಕಿದ್ದು, ದೀಪಾವಳಿಗೆ ಕೊಡಿಸಿದ ಬಟ್ಟೆ, ಮಗನ ಟ್ಯೂಷನ್ ಫೀ, ಇವು ಯಾವುವೂ ತಾನಾಗಿ ಜೀವನಾಂಶಕ್ಕೆ ವಜಾ ಆಗುವುದಿಲ್ಲ. ಆದೇಶದಲ್ಲಿ ಹೇಳಿದ ಖಾತೆಗೇ ಹಾಕಿ, ಷರಾದಲ್ಲಿ ‘ಜೂನ್ ಜೀವನಾಂಶ’ ಎಂದು ತಿಂಗಳು ಬರೆಯಿರಿ. ಫೀ ನೇರವಾಗಿ ಶಾಲೆಗೇ ಕಟ್ಟಿ ಮೊತ್ತದಲ್ಲಿ ಕಳೆದುಕೊಳ್ಳುವುದಿದ್ದರೆ ಇಬ್ಬರೂ ಸಹಿ ಮಾಡಿದ ಜಂಟಿ ಮೆಮೊ ನ್ಯಾಯಾಲಯಕ್ಕೆ ಕೊಟ್ಟು ಆದೇಶದಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ.

ಕಾನೂನಿನ ಹೊರಗಿನ ಒಂದು ಮಾತು: ಆದೇಶ ‘ತಲಾ’ ಎಂದಿದ್ದು ಮಗನ ಪಾಲು 18ಕ್ಕೆ ನಿಂತರೂ, ಹುಡುಗ ಈಗ ಪಿಯುಸಿ ಎರಡನೇ ವರ್ಷದಲ್ಲಿದ್ದರೆ ಸಿಇಟಿ ಮುಗಿಯುವವರೆಗೆ ಅವನ ಪಾಲು ನಿಲ್ಲಿಸಬೇಡಿ. ಅದನ್ನು ತಾಯಿಯ ಖಾತೆಗೆ ಬೇಡ, ಅವನ ಹೆಸರಿನ ಖಾತೆಗೇ ಹಾಕಿ, ಮಗಳದ್ದು ಎಂದಿನಂತೆ ನಡೆಯಲಿ.