ಓದುಗರ ಪ್ರಶ್ನೆ: ನನ್ನ ಚಿತ್ರಪುಸ್ತಕ ಯಾಕೆ ವಾಪಸ್ ಬಂತು?

ಪ್ರಶ್ನೆ: ಮಕ್ಕಳಿಗೆ ಅಂತ ಒಂದು ಕಥೆ ಬರ್ದು, ಗೆಳತಿ ಹತ್ರ ಚಿತ್ರಾನೂ ಬರೆಸ್ದೆ, ಒಟ್ಟು 45 ಪುಟ ಆಯ್ತು. ಕಳಿಸಿದ ಪ್ರಕಾಶಕರಿಂದೆಲ್ಲ ‘ಚಿತ್ರಪುಸ್ತಕಕ್ಕೆ ಹೊಂದಲ್ಲ’ ಅಂತ ಒಂದೇ ಸಾಲಿನ ಉತ್ತರ. ಇವ್ರು ಏನು ನೋಡ್ತಾರೆ? ಆಮೇಲೆ ವಿಮರ್ಶೆ ಬರೆಯೋರು ಕಥೆ ನೋಡ್ತಾರಾ, ಚಿತ್ರ ನೋಡ್ತಾರಾ?

ಉತ್ತರ: ಮೊದ್ಲು ಆ 45 ಪುಟದ ವಿಷ್ಯ. ಚಿತ್ರಪುಸ್ತಕ ಬಹುಪಾಲು 32 ಪುಟ ಇರುತ್ತೆ, ಅದು ಯಾರೋ ಶಾಸ್ತ್ರ ಮಾಡಿಟ್ಟಿದ್ದಲ್ಲ, ದೊಡ್ಡ ಹಾಳೆ ಮೇಲೆ ಪ್ರಿಂಟ್ ಮಾಡಿ ಮಡಚಿದಾಗ ಪುಟಗಳು 8, 16ರ ಲೆಕ್ಕದಲ್ಲಿ ಬರ್ತವೆ, ಪ್ರೆಸ್ಸಿನವ್ರು ಫಾರಂ ಅಂತಾರಲ್ಲ ಅದೇ. ಅದ್ರಲ್ಲಿ ಟೈಟಲ್ಲು, ಕಾಪಿರೈಟು ಅಂತ ಬಿಟ್ರೆ ಕಥೆಗೆ ಸಿಗೋದು ಸುಮಾರು 12ರಿಂದ 14 ಜೋಡಿಪುಟ (ಪುಸ್ತಕ ತೆರೆದಾಗ ಎದುರುಬದುರು ಕಾಣೋ ಎರಡು ಪುಟ). ಎಡಿಟರ್ ನಿಮ್ಮ ಕಥೇನ ಅಷ್ಟರಲ್ಲಿ ಕೂರಿಸಿ ನೋಡ್ತಾರೆ, ಪ್ರತಿ ಸಲ ಪುಟ ತಿರುಗಿಸೋಕೆ ಮಗೂಗೆ ಏನಾದ್ರೂ ಆಸೆ ಹುಟ್ಟುತ್ತಾ ಅಂತ.

ಇನ್ನೊಂದು, ಇದೇ ಮುಖ್ಯ. ಚಿತ್ರ ಹೇಳೋದನ್ನ ಮಾತು ಮತ್ತೆ ಹೇಳ್ಬಾರ್ದು. ‘ಕೆಂಪು ಕೊಡೆ ಹಿಡ್ಕೊಂಡು ಹುಡುಗಿ ಸ್ಕೂಲಿಗೆ ಓಡಿದ್ಲು’ ಅಂತ ಬರ್ದು ಪಕ್ಕದಲ್ಲಿ ಅದನ್ನೇ ಚಿತ್ರ ಮಾಡಿದ್ರೆ ಒಂದು ದಂಡ. ಮಾತಲ್ಲಿ ‘ಅಯ್ಯೋ, ಲೇಟಾಯ್ತು!’ ಅಂತಷ್ಟೇ ಇದ್ದು, ಚಿತ್ರದಲ್ಲಿ ಅವ್ಳು ಕೊಡೆ ಪಕ್ಕಕ್ಕಿಟ್ಟು ಬಸವನಹುಳ ನೋಡ್ತಾ ಕೂತಿದ್ರೆ? ಅಕ್ಷರ ಬರದ ಮಗು ಕೂಡ ನಗುತ್ತೆ, ಓದಿ ಹೇಳೋ ದೊಡ್ಡವ್ರಿಗಿಂತ ಮುಂಚೆನೇ. ನಿಮ್ಮ ಕಥೇಲಿ ಬಣ್ಣ, ಬಟ್ಟೆ, ಮರಗಿಡದ ವರ್ಣನೆ ಎಲ್ಲ ತೆಗ್ದು ನೋಡಿ, ಅರ್ಧಕ್ಕರ್ಧ ಹೋಗುತ್ತೆ ಅಂತ ನನ್ನ ಅಂದಾಜು.

ಗೆಳತಿ ವಿಷ್ಯ ಸ್ವಲ್ಪ ಸೂಕ್ಷ್ಮ. ಬರೆಯೋರೇ ಚಿತ್ರಾನೂ ಮಾಡೋರಾದ್ರೆ ಬೇರೆ ಮಾತು, ಇಲ್ದಿದ್ರೆ ಸಾಮಾನ್ಯವಾಗಿ ಕಲಾವಿದರನ್ನ ಹುಡ್ಕೋದು ಪ್ರಕಾಶಕರೇ, ಹಾಗಾಗಿ ಬರೀ ಕಥೆ ಕಳಿಸಿದ್ರೆ ಸಾಕು. ಇಬ್ರೂ ಒಟ್ಟಿಗೇ ಕಳಿಸೋದಾದ್ರೆ ಒಬ್ರದ್ದು ತಗೊಂಡು ಇನ್ನೊಬ್ರದ್ದು ಬಿಡಬಹುದು ಅಂತ ಗೆಳತಿಗೆ ಈಗ್ಲೇ ಹೇಳ್ಬಿಡಿ. ಎಷ್ಟೋ ಕಡೆ ಲೇಖಕರೂ ಕಲಾವಿದರೂ ನೇರ ಮಾತಾಡೋದೂ ಇಲ್ಲ, ಮಧ್ಯೆ ಎಡಿಟರ್ ಇರ್ತಾರೆ. ಕೇಳೋಕೆ ವಿಚಿತ್ರ, ಆದ್ರೆ ಲೇಖಕರು ಪಕ್ಕದಲ್ಲಿ ಕೂತು ‘ಮೂಗು ಹಾಗಲ್ಲ ಹೀಗೆ’ ಅಂತಿದ್ರೆ ಯಾರಿಗೆ ಕೈ ಓಡುತ್ತೆ ಹೇಳಿ! ಕಲಾವಿದರು ಮೊದ್ಲು ಪುಟ್ಟ ಪುಟ್ಟ ಸ್ಕೆಚ್ಚಲ್ಲಿ ಇಡೀ ಪುಸ್ತಕ ಹಾಕಿ, ಆಮೇಲೆ ಡಮ್ಮಿ, ಅಂದ್ರೆ ಪುಸ್ತಕದ ಕಚ್ಚಾ ಮಾದರಿ, ಮಾಡ್ತಾರೆ. ಬಣ್ಣ ಕೊನೆಗೆ. ಡಮ್ಮೀಲಿ ನೋಡೋದು ಮುಖ ಬೈಂಡಿಂಗಿನ ಮಡಿಕೆ ಒಳಗೆ ಹೋಗ್ತಿದೆಯಾ, ಅಕ್ಷರಕ್ಕೆ ಜಾಗ ಇದೆಯಾ ಅಂತ.

ವಿಮರ್ಶಕರಿಗೆ ಎಷ್ಟೋ ಸಲ ಪುಸ್ತಕ ಬರೋಕೆ ತಿಂಗಳುಗಳ ಮುಂಚೆನೇ ಬೈಂಡ್ ಆಗದ ಹಾಳೆನೋ ಪಿಡಿಎಫ್ಫೋ ಹೋಗುತ್ತೆ. ಬಲ್ಲವರು ಒಂದ್ಸಲ ಚಿತ್ರ ಮಾತ್ರ ನೋಡ್ತಾರೆ, ಇನ್ನೊಂದ್ಸಲ ಜೋರಾಗಿ ಓದ್ತಾರೆ. ಸೋಮಾರಿಗಳು ಕಥೆ ಪೂರ್ತಿ ಹೇಳಿ ‘ಚಿತ್ರಗಳು ಮುದ್ದಾಗಿವೆ’ ಅಂತ ಮುಗಿಸ್ತಾರೆ, ಕಲಾವಿದರ ಹೆಸ್ರೂ ಹಾಕಲ್ಲ. ಇದು ಹಳೇ ರೋಗ: ಮಕ್ಕಳ ಸಾಹಿತ್ಯದ ಅಂತರರಾಷ್ಟ್ರೀಯ ಪ್ರಶಸ್ತಿಯಾದ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿ ಲೇಖಕರಿಗೆ 1956ರಲ್ಲೇ ಶುರುವಾಯ್ತು, ಚಿತ್ರಕಾರರಿಗೆ ಸಿಕ್ಕಿದ್ದು 1966ರಿಂದ.

ಈಗ ಎಂಟು ಖಾಲಿ ಹಾಳೆ ಮಧ್ಯಕ್ಕೆ ಮಡಚಿ 32 ಪುಟದ ಪುಸ್ತಕ ಮಾಡ್ಕೊಳ್ಳಿ, ಕಥೆ ಕತ್ತರಿಸಿ ಅಂಟಿಸಿ, ಎಲ್ಲಿ ಪುಟ ತಿರುಗಿಸೋಕೆ ಬೇಜಾರಾಗುತ್ತೋ ಅಲ್ಲಿಂದ ತಿದ್ದೋಕೆ ಶುರು ಮಾಡಿ.