ಅಮೆರಿಕದಲ್ಲಿ ಕನ್ವರ್ಟರ್ ಬಾಕ್ಸ್ ಇಲ್ಲದೆ ಡಿಜಿಟಲ್ ಚಾನೆಲ್ ನೋಡಬಹುದಾ?

ಖಂಡಿತ ನೋಡಬಹುದು, ಟಿವಿ ಒಳಗೇ ಡಿಜಿಟಲ್ ಟ್ಯೂನರ್ (ಡಿಜಿಟಲ್ ಸಿಗ್ನಲ್ ಹಿಡಿಯುವ ಭಾಗ) ಇದ್ದರೆ ಸಾಕು. ಕನ್ವರ್ಟರ್ ಬಾಕ್ಸ್ ಅಂದ್ರೆ ಡಿಜಿಟಲ್ ಸಿಗ್ನಲ್ಲನ್ನು ಹಳೇ ಅನಲಾಗ್ ಟಿವಿಗೆ ಹೊಂದುವಂತೆ ಬದಲಿಸುವ ಪೆಟ್ಟಿಗೆ. ಅಮೆರಿಕದಲ್ಲಿ 2007ರ ಮಾರ್ಚ್ 1ರಿಂದ ಹೊಸದಾಗಿ ತಯಾರಾಗುವ, ಆಮದಾಗುವ ಟಿವಿಗಳಲ್ಲಿ ಇದು ಕಡ್ಡಾಯ. ಹಾಗಾಗಿ ಅದರ ನಂತರದ ಟಿವಿ ಆದರೆ ಬಾಕ್ಸಿಗೆ ಸುಮ್ನೆ ದುಡ್ಡು ಹಾಕಬೇಡಿ. ಹಳೇ ಟಿವಿನಾ? ಹಿಂಬದಿಯ ಲೇಬಲ್ಲಿನಲ್ಲೋ ಮ್ಯಾನ್ಯುಯಲ್ಲಿನಲ್ಲೋ 'ಎಟಿಎಸ್‌ಸಿ' (ATSC, ಡಿಜಿಟಲ್ ಪ್ರಸಾರದ ಪದ್ಧತಿ) ಅಂತ ಇದೆಯಾ ನೋಡಿ. ಬರೀ 'ಎನ್‌ಟಿಎಸ್‌ಸಿ' (NTSC, ಹಳೇ ಅನಲಾಗ್ ಪದ್ಧತಿ) ಅಂತಿದ್ದರೆ ಬಾಕ್ಸ್ ಬೇಕೇ ಬೇಕು, ಯಾಕಂದ್ರೆ ಅಲ್ಲಿನ ದೊಡ್ಡ ಸ್ಟೇಷನ್‌ಗಳೆಲ್ಲ 2009ರ ಜೂನ್ 12ರ ಹೊತ್ತಿಗೆ ಅನಲಾಗ್ ಪ್ರಸಾರ ನಿಲ್ಲಿಸಿಬಿಟ್ಟವು.

ಆದರೆ ಆಂಟೆನಾ ಬೇಕೇ ಬೇಕು. 'ಎಚ್‌ಡಿ ಆಂಟೆನಾ' ಅಂತ ಜಾಸ್ತಿ ಬೆಲೆಗೆ ಮಾರುತ್ತಾರೆ, ನಂಬಬೇಡಿ. ವಿಎಚ್‌ಎಫ್, ಯುಎಚ್‌ಎಫ್ ಅನ್ನೋ ಎರಡೂ ಟಿವಿ ತರಂಗ ಪಟ್ಟಿಗಳನ್ನು ಹಿಡಿಯುವ ಹಳೇ ಆಂಟೆನಾ ಕೂಡ ಚೆನ್ನಾಗೇ ನಡೆಯುತ್ತೆ. ಆಂಟೆನಾದ ವೈರನ್ನು ಟಿವಿಗೆ ಚುಚ್ಚಿ, ಮೆನುವಿನಲ್ಲಿ 'ಕೇಬಲ್' ಬದಲು 'ಆಂಟೆನಾ' ಆರಿಸಿ, ಚಾನೆಲ್ ಸ್ಕ್ಯಾನ್ (ಸಿಗುವ ಚಾನೆಲ್ಲುಗಳನ್ನು ಟಿವಿಯೇ ಹುಡುಕುವುದು) ಕೊಡಿ. ಎಷ್ಟೋ ಜನ ಈ ಸ್ಕ್ಯಾನ್ ಮಾಡದೇ ಟಿವಿ ಕೆಟ್ಟಿದೆ ಅಂದುಕೊಳ್ಳುತ್ತಾರೆ! ಎನ್‌ಬಿಸಿ, ಸಿಬಿಎಸ್, ಪಿಬಿಎಸ್ ಥರದವು ಊರಿಗೆ ತಕ್ಕಂತೆ ಪುಕ್ಕಟೆ ಬರುತ್ತವೆ. ಕನ್ನಡ ಚಾನೆಲ್‌ಗಳಿಗೆ ಇಂಟರ್ನೆಟ್ ಥರದ ಬೇರೆ ದಾರಿಯೇ ಗತಿ.

ಸಿಗ್ನಲ್ ಕಮ್ಮಿಯಾದರೆ ಹಳೇ ಕಾಲದ ಹಾಗೆ ಚುಕ್ಕಿ ಚುಕ್ಕಿ ಬರಲ್ಲ, ಚಿತ್ರ ಚೌಕ ಚೌಕವಾಗಿ ಒಡೆದು ನಿಂತೇ ಹೋಗುತ್ತೆ. ಆಗ ಆಂಟೆನಾವನ್ನು ಕಿಟಕಿ ಹತ್ತಿರ, ಆದಷ್ಟು ಎತ್ತರಕ್ಕೆ ಇಟ್ಟು, ಮತ್ತೆ ಸ್ಕ್ಯಾನ್ ಮಾಡಿ.