ಮಹಾನಗರಕ್ಕೆ ಇನ್ನೊಂದು ದೊಡ್ಡ ವಿಮಾನ ನಿಲ್ದಾಣ ಬೇಕೇ? ಮೊದಲು, ತುಂಬಿರುವುದು ಏನು ಅಂತ ನೋಡಿ

ನೀವು ಕೇಳಿರುವುದು ಇಷ್ಟು: ಮಹಾನಗರದ ಈಗಿನ ವಿಮಾನ ನಿಲ್ದಾಣ ತುಂಬಿ ತುಳುಕುತ್ತಿದೆ, ಪ್ರಯಾಣಿಕರು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದಾರೆ, ಹಾಗಿದ್ದಮೇಲೆ ಊರಾಚೆ ಇನ್ನೊಂದು ದೊಡ್ಡ ನಿಲ್ದಾಣ ಕಟ್ಟಲೇಬೇಕಲ್ಲವೇ?

ಕೆಲವು ನಗರಗಳಿಗೆ ಬೇಕು. ಆದರೆ "ಬೇಕು" ಎಂಬ ಕೂಗು ಎದ್ದ ಕಡೆಯೆಲ್ಲ ಬೇಕಿರುವುದಿಲ್ಲ. ಸಾರಿಗೆ ಯೋಜನೆಯ ಕೆಲಸದಲ್ಲಿ ಬಹಳ ವರ್ಷಗಳಿಂದ ಇದ್ದೇನೆ. ಇಂಥ ಪ್ರಸ್ತಾವ ಕಂಡಾಗಲೆಲ್ಲ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ತುಂಬಿದೆ ಅನ್ನುತ್ತೀರಲ್ಲ, ತುಂಬಿರುವುದು ಯಾವುದು?

ಪ್ರಯಾಣಿಕರ ಕಣ್ಣಿಗೆ ಬೀಳುವುದು ಭದ್ರತಾ ತಪಾಸಣೆಯ ಉದ್ದ ಸಾಲು, ಕೂರಲು ಕುರ್ಚಿ ಸಿಗದ ಗೇಟು, ಲಗೇಜು ಬರಲಿ ಎಂದು ಬೆಲ್ಟಿನ ಮುಂದೆ ಕಾಯುವ ಅರ್ಧ ಗಂಟೆ, ಹೊರಗೆ ಅಲುಗದೆ ನಿಂತ ಕಾರುಗಳು. ಇವೆಲ್ಲ ನಿಜವಾದ ಕಷ್ಟಗಳೇ. ಆದರೆ ಇವು ಟರ್ಮಿನಲ್ಲಿನ ಕಷ್ಟ, ರಸ್ತೆಯ ಕಷ್ಟ. ಟರ್ಮಿನಲ್ ಇಕ್ಕಟ್ಟಾದರೆ ಅದೇ ಆವರಣದಲ್ಲಿ ಇನ್ನೊಂದು ಕಟ್ಟಬಹುದು. ಇಳಿದ ವಿಮಾನ ನಿಲ್ಲಲು ಜಾಗ ಸಿಗದೆ ಟ್ಯಾಕ್ಸಿವೇಯಲ್ಲೇ (ರನ್‌ವೇಯಿಂದ ನಿಲುಗಡೆಗೆ ಹೋಗುವ ದಾರಿ) ಕಾಯುತ್ತಿದ್ದರೆ ಅದು ಏಪ್ರನ್ನಿನ, ಅಂದರೆ ವಿಮಾನ ನಿಲ್ಲಿಸುವ ಅಂಗಳದ, ಕೊರತೆ. ಅದನ್ನೂ ಒಳಗಡೆಯೇ ಸರಿಪಡಿಸಬಹುದು. ದುಡ್ಡು ಸುರಿದರೂ ಸುಲಭಕ್ಕೆ ಹೆಚ್ಚಿಸಲಾಗದ್ದು ರನ್‌ವೇ.

ರನ್‌ವೇಯ ಮೇಲೆ ಒಂದು ಹೊತ್ತಿಗೆ ಒಂದೇ ವಿಮಾನ. ಮುಂದೆ ಹೋದದ್ದು ಎಬ್ಬಿಸಿದ ಗಾಳಿಯ ಸುಳಿ ಅಡಗುವ ತನಕ ಹಿಂದಿನದು ದೂರ ಇರಬೇಕು. ಭಾರಿ ವಿಮಾನದ ಹಿಂದೆ ತೀರಾ ಹಗುರದ್ದು ಇಳಿಯುವುದಾದರೆ ಸುಮಾರು 11 ಕಿ.ಮೀ. ಅಂತರ ಬಿಡಬೇಕಾಗುತ್ತದೆ. ಯಾವ ಗಾತ್ರದ ವಿಮಾನಗಳು ಯಾವ ಕ್ರಮದಲ್ಲಿ ಬರುತ್ತವೆ, ಇಳಿದದ್ದು ಎಷ್ಟು ಬೇಗ ಪಕ್ಕಕ್ಕೆ ಸರಿಯುತ್ತದೆ ಎಂಬುದರ ಮೇಲೆ ಗಂಟೆಗೆ ಎಷ್ಟು ವಿಮಾನ ಎಂಬ ಲೆಕ್ಕ ನಿಂತಿದೆ. ಲಂಡನ್ನಿನ ಗ್ಯಾಟ್ವಿಕ್ ನಿಲ್ದಾಣ ಈ ಲೆಕ್ಕವನ್ನು ಎಲ್ಲಿಯವರೆಗೆ ಎಳೆಯಬಹುದು ಅಂತ ತೋರಿಸಿಕೊಟ್ಟಿದೆ. ಒಂದೇ ರನ್‌ವೇ ಬಳಸಿ, ದಟ್ಟಣೆಯ ಗಂಟೆಯಲ್ಲಿ 55 ವಿಮಾನಗಳವರೆಗೆ ಇಳಿಸಿ ಏರಿಸಿದೆ. 2019ರಲ್ಲಿ ಆ ಒಂದು ಪಟ್ಟಿಯ ಮೇಲಿಂದ ಸುಮಾರು 4.6 ಕೋಟಿ ಜನ ಓಡಾಡಿದರು. ಅದೇ ವರ್ಷ ಲಂಡನ್ನಿನದೇ ಇನ್ನೊಂದು ನಿಲ್ದಾಣ ಹೀಥ್ರೂ ತನ್ನ ಎರಡು ರನ್‌ವೇಗಳಲ್ಲಿ ಸುಮಾರು 8 ಕೋಟಿ ಜನರನ್ನು ಸಾಗಿಸಿತು. ಹೀಥ್ರೂವಿಗೆ ವರ್ಷಕ್ಕೆ 4.8 ಲಕ್ಷ ಹಾರಾಟಗಳ ಮಿತಿ ಇದೆ. ಲೆಕ್ಕ ಹಾಕಿದರೆ ಒಂದೊಂದು ವಿಮಾನಕ್ಕೆ ಸರಾಸರಿ ಸುಮಾರು 170 ಜನ. ಇದನ್ನು ನೂರೇ ಜನ ಕೂತ ಸಣ್ಣ ವಿಮಾನಗಳಿಂದ ತುಂಬಿದ ನಿಲ್ದಾಣಕ್ಕೆ ಹೋಲಿಸಿ ನೋಡಿ. ರನ್‌ವೇ ಅಷ್ಟೇ, ಹಾರಾಟಗಳೂ ಅಷ್ಟೇ, ಹೋಗಿ ಬಂದ ಜನ ಮಾತ್ರ ಎಷ್ಟೋ ಕಡಿಮೆ. ಅಂಥ ನಿಲ್ದಾಣವನ್ನು "ತುಂಬಿದೆ" ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಇನ್ನೊಂದು ವಿಷಯ. ಎರಡು ರನ್‌ವೇ ಇವೆ ಅಂದ ಮಾತ್ರಕ್ಕೆ ಎರಡು ಪಟ್ಟು ಕೆಲಸ ಆಗುವುದಿಲ್ಲ. ಎರಡರ ಮೇಲೂ ಒಂದಕ್ಕೊಂದು ಸಂಬಂಧವಿಲ್ಲದಂತೆ ವಿಮಾನಗಳು ಇಳಿಯಬೇಕಾದರೆ ಅಂತರರಾಷ್ಟ್ರೀಯ ನಿಯಮದ ಪ್ರಕಾರ ನಡುವೆ ಕನಿಷ್ಠ 1,035 ಮೀಟರ್ ಇರಬೇಕು. ಒತ್ತೊತ್ತಾಗಿದ್ದರೆ ಒಂದು ಇನ್ನೊಂದಕ್ಕೆ ಕಾಯಲೇಬೇಕು. ಹಾಗಾಗಿ ಹೊಸ ನಿಲ್ದಾಣದ ಮಾತಿಗೆ ಮುಂಚೆ, ಇರುವ ಆವರಣದಲ್ಲಿ ಸರಿಯಾದ ಅಂತರಕ್ಕೆ ಇನ್ನೊಂದು ರನ್‌ವೇ ಹಿಡಿಸುತ್ತದೆಯೇ ಎಂಬುದನ್ನು ಕೂಲಂಕಷವಾಗಿ ನೋಡಿರಬೇಕು. ನೋಡದೆಯೇ ಇನ್ನೆಲ್ಲೋ ಹೊಲ ಅಳೆಯಲು ಹೊರಟವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಏಕೆಂದರೆ ಮಾಂಟ್ರಿಯಲ್‌ನಲ್ಲಿ ಏನಾಯಿತು ಅಂತ ಗೊತ್ತು. 1960ರ ದಶಕದ ಕೊನೆಯಲ್ಲಿ ಆ ನಗರದ ಡೋರ್ವಲ್ ನಿಲ್ದಾಣ ಇನ್ನೇನು ಸಾಲದು ಅಂತ ಕೆನಡಾ ಸರ್ಕಾರ ನಂಬಿತು. 1969ರಲ್ಲಿ ಮಿರಾಬೆಲ್ ಎಂಬಲ್ಲಿ ಸುಮಾರು 97,000 ಎಕರೆ ಭೂಸ್ವಾಧೀನಕ್ಕೆ ಕೈಹಾಕಿತು. ಅದು ಒಳ್ಳೆಯ ಬೇಸಾಯದ ನೆಲ. ಸಾವಿರಾರು ಜನ ಮನೆ, ಹೊಲ ಬಿಡಬೇಕಾಯಿತು. 1975ರಲ್ಲಿ ನಿಲ್ದಾಣ ತೆರೆಯಿತು. ಹೊಸದಕ್ಕೆ ಜನ ತಾವಾಗಿಯೇ ಬರುವುದಿಲ್ಲ ಅಂತ ಗೊತ್ತಿದ್ದರಿಂದ ಅಮೆರಿಕದವನ್ನು ಬಿಟ್ಟು ಉಳಿದ ಅಂತರರಾಷ್ಟ್ರೀಯ ವಿಮಾನಗಳೆಲ್ಲ ಮಿರಾಬೆಲ್‌ಗೆ, ದೇಶದೊಳಗಿನವು ಡೋರ್ವಲ್‌ಗೆ ಅಂತ ಹಂಚಿದರು. ವಿದೇಶದಿಂದ ಬಂದು ಇನ್ನೊಂದು ಊರಿಗೆ ಹೋಗಬೇಕಾದವರು ಬಸ್ಸು ಹತ್ತಿ ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಹೋಗಬೇಕು. ಹೊಸ ನಿಲ್ದಾಣಕ್ಕೆ ವೇಗದ ರೈಲು ಬರುತ್ತದೆ ಅಂದಿದ್ದರು, ಬರಲೇ ಇಲ್ಲ. ಹೆದ್ದಾರಿಯೂ ಅಂದುಕೊಂಡಂತೆ ಪೂರ್ಣವಾಗಲಿಲ್ಲ. ಅಷ್ಟರಲ್ಲಿ ದೂರ ಹಾರಬಲ್ಲ ವಿಮಾನಗಳು ಬಂದವು. ಯೂರೋಪಿನಿಂದ ಬರುವವು ಇಂಧನಕ್ಕಾಗಿ ಮಾಂಟ್ರಿಯಲ್‌ನಲ್ಲಿ ಇಳಿಯಬೇಕಾದ ಅಗತ್ಯ ತಪ್ಪಿತು. ವಿಮಾನಯಾನ ಸಂಸ್ಥೆಗಳು ಟೊರಾಂಟೊ ಕಡೆ ಮುಖ ಮಾಡಿದವು. ಕೋಟಿಗಟ್ಟಲೆ ಪ್ರಯಾಣಿಕರು ಬರುತ್ತಾರೆ ಅಂತ ಕಟ್ಟಿದ ಮಿರಾಬೆಲ್ ವರ್ಷಕ್ಕೆ 30 ಲಕ್ಷದ ಆಸುಪಾಸಿನಲ್ಲೇ ಉಳಿಯಿತು. 1997ರಲ್ಲಿ ಅಂತರರಾಷ್ಟ್ರೀಯ ವಿಮಾನಗಳು ಡೋರ್ವಲ್‌ಗೆ ಮರಳತೊಡಗಿದವು. 2004ರಲ್ಲಿ ಮಿರಾಬೆಲ್‌ನಿಂದ ಕೊನೆಯ ಪ್ರಯಾಣಿಕ ವಿಮಾನ ಹೊರಟಿತು. ಸರಕು ಸಾಗಣೆ ಮತ್ತು ವಿಮಾನ ತಯಾರಿಕೆ ಮಾತ್ರ ಉಳಿದುಕೊಂಡವು. 2014ರಲ್ಲಿ ಟರ್ಮಿನಲ್ಲನ್ನು ಕೆಡವಲು ಶುರುಮಾಡಿದರು. ವಶಪಡಿಸಿಕೊಂಡ ನೆಲದ ಬಹುಪಾಲನ್ನು ಹಳೆಯ ಒಡೆಯರಿಗೆ ಹಿಂದಕ್ಕೆ ಮಾರಬೇಕಾಯಿತು. ಅದೂ ಒಂದು ತಲೆಮಾರಿನ ಬದುಕು ಅಲ್ಲೋಲಕಲ್ಲೋಲವಾದ ಮೇಲೆ.

ಡೋರ್ವಲ್? ಆಗ ಸಾಲದು ಅಂದಿದ್ದ ಅದೇ ನಿಲ್ದಾಣ ಇವತ್ತಿಗೂ ಆ ನಗರದ ಪ್ರಯಾಣಿಕರನ್ನು ಸಾಗಿಸುತ್ತಿದೆ.

ಮಿರಾಬೆಲ್ ಸೋತಿದ್ದಕ್ಕೆ ದೂರ ಒಂದು ಕಾರಣ. ಅದಕ್ಕಿಂತ ಆಳವಾದ ಕಾರಣ ಒಂದನ್ನು ಎರಡಾಗಿ ಸೀಳಿದ್ದು. ಸಣ್ಣ ಲೆಕ್ಕ ಮಾಡೋಣ. ಒಂದು ನಿಲ್ದಾಣಕ್ಕೆ 50 ಊರುಗಳಿಂದ ವಿಮಾನ ಇದೆ ಅನ್ನಿ. ಅಲ್ಲಿ ವಿಮಾನ ಬದಲಿಸಿದರೆ ಈ 50ರಲ್ಲಿ ಯಾವ ಊರಿನಿಂದ ಯಾವ ಊರಿಗಾದರೂ ಹೋಗಬಹುದು. ಒಟ್ಟು 1,225 ಜೋಡಿಗಳು. ಈಗ 25 ಊರುಗಳನ್ನು ಹಳೆಯದರಲ್ಲಿ ಉಳಿಸಿ, 25 ಊರುಗಳನ್ನು ಹೊಸದಕ್ಕೆ ಕಳಿಸಿ. ಒಂದೊಂದರಲ್ಲಿ 300 ಜೋಡಿ, ಎರಡೂ ಸೇರಿ 600. ವಿಮಾನಗಳು ಅಷ್ಟೇ ಇವೆ, ಊರುಗಳೂ ಅಷ್ಟೇ ಇವೆ, ಕಟ್ಟಡ ಎರಡಾಗಿದೆ, ಆದರೆ ಸಂಪರ್ಕ ಅರ್ಧಕ್ಕಿಂತಲೂ ಕೆಳಗಿಳಿಯಿತು. ಹಲವು ಸಣ್ಣ ಊರುಗಳಿಗೆ ನೇರ ವಿಮಾನ ನಿಲ್ಲುವುದೇ ಈ ಬದಲಿಸಿ ಹೋಗುವ ಪ್ರಯಾಣಿಕರ ಬಲದ ಮೇಲೆ. ಅವರು ಚದುರಿದರೆ ಆ ವಿಮಾನವೂ ನಿಂತುಹೋಗುತ್ತದೆ. ಇಟಲಿಯ ಮಿಲಾನ್‌ನಲ್ಲೂ ಹೀಗೇ ಎಳೆದಾಟ ನಡೆಯಿತು. 1998ರಲ್ಲಿ ಮಾಲ್ಪೆನ್ಸಾ ನಿಲ್ದಾಣವನ್ನು ದೊಡ್ಡ ಹಬ್ (ಜನ ವಿಮಾನ ಬದಲಿಸುವ ಕೇಂದ್ರ) ಮಾಡಲು ಹೊರಟರು, ಆದರೆ ಊರಿಗೆ ಅಂಟಿಕೊಂಡಂತಿದ್ದ ಲಿನಾಟೆ ನಿಲ್ದಾಣ ಉಳಿಯಿತು, ಜನರಿಗೂ ಅದೇ ಇಷ್ಟವಾಗಿತ್ತು. ಹತ್ತು ವರ್ಷಕ್ಕೆ, 2008ರಲ್ಲಿ, ವಿಮಾನಯಾನ ಸಂಸ್ಥೆ ಅಲಿಟಾಲಿಯಾ ಮಾಲ್ಪೆನ್ಸಾದಿಂದ ತನ್ನ ಬಹುಪಾಲು ವಿಮಾನಗಳನ್ನು ಹಿಂದೆಗೆಯಿತು.

ನಾನೂ ಒಮ್ಮೆ ಒಂದು ಮಹಾನಗರದಲ್ಲಿ ಹೀಗೆ ನಿಲ್ದಾಣ ಬದಲಿಸಬೇಕಾಗಿ ಬಂದಿತ್ತು. ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ವಯಸ್ಸಾದ ದಂಪತಿ ಮೊಣಕಾಲ ಮೇಲೆ ಚೀಲ ಇಟ್ಟುಕೊಂಡು ಕೂತಿದ್ದರು. ಟ್ರಾಫಿಕ್‌ನಲ್ಲಿ ಬಸ್ಸು ನಿಂತಾಗಲೆಲ್ಲ ಆಕೆ ಗಂಡನ ಕೈಗಡಿಯಾರ ನೋಡುತ್ತಿದ್ದರು. ಅವರ ವಿಮಾನ ಹೊರಟ ಮೇಲೆ ನಾವು ಮುಟ್ಟಿದೆವು. ವರದಿಗಳಲ್ಲಿ "ನಿಲ್ದಾಣಗಳ ನಡುವಿನ ವರ್ಗಾವಣೆ" ಎಂಬ ಪದ ಓದಿದಾಗ ಈಗಲೂ ನನಗೆ ಆಕೆಯ ಮುಖ ನೆನಪಾಗುತ್ತದೆ.

ಹಾಗಂತ ಎಲ್ಲ ಎರಡನೇ ನಿಲ್ದಾಣವೂ ತಪ್ಪು ಅನ್ನುತ್ತಿಲ್ಲ. ಟೋಕಿಯೊಗೆ ನಿಜಕ್ಕೂ ಬೇಕಿತ್ತು. ಅಲ್ಲಿನ ಹಳೆಯ ನಿಲ್ದಾಣ ಹನೇಡಾ ಸಮುದ್ರದ ಅಂಚಿನಲ್ಲಿದೆ, ಆ ಕಾಲಕ್ಕೆ ಬೆಳೆಯಲು ದಾರಿ ಇರಲಿಲ್ಲ. ಅಲ್ಲಿ ತಪ್ಪಿದ್ದು ಅಗತ್ಯದ ಲೆಕ್ಕವಲ್ಲ, ಜನರನ್ನು ಕಂಡ ರೀತಿ. 1966ರಲ್ಲಿ ಸರ್ಕಾರ ರೈತರನ್ನು ಒಂದು ಮಾತೂ ಕೇಳದೆ ನರಿಟಾ ಬಳಿಯ ಸಾನ್ರಿಜುಕಾ ಎಂಬ ಜಾಗವನ್ನು ಗೊತ್ತುಮಾಡಿತು. ಮುಂದೆ ನಡೆದದ್ದು ವರ್ಷಗಟ್ಟಲೆಯ ಹೋರಾಟ. ಪೊಲೀಸರೂ ಸತ್ತರು, ಪ್ರತಿಭಟನೆಗೆ ಇಳಿದವರೂ ಸತ್ತರು. 1978ರ ಮಾರ್ಚ್‌ನಲ್ಲಿ, ಉದ್ಘಾಟನೆಗೆ ನಾಲ್ಕು ದಿನ ಇರುವಾಗ, ಪ್ರತಿಭಟನಕಾರರು ಕಂಟ್ರೋಲ್ ಟವರ್ ಹೊಕ್ಕು ಉಪಕರಣಗಳನ್ನು ಪುಡಿಮಾಡಿದರು. ನಿಲ್ದಾಣ ತೆರೆದದ್ದು ಮೇ 20ಕ್ಕೆ. ಎರಡನೇ ರನ್‌ವೇ ಬರಲು 2002ರವರೆಗೆ ಕಾಯಬೇಕಾಯಿತು, ಅದೂ ಜಮೀನು ಸಿಗದೆ ಯೋಜನೆಗಿಂತ ಗಿಡ್ಡವಾಗಿ. ಸರ್ಕಾರ 1990ರ ದಶಕದಲ್ಲಿ ರೈತರ ಕ್ಷಮೆ ಕೇಳಿತು. ಇತ್ತ ಹನೇಡಾದಲ್ಲಿ ಸಮುದ್ರಕ್ಕೆ ಚಾಚಿದ ನಾಲ್ಕನೇ ರನ್‌ವೇ 2010ರಲ್ಲಿ ಬಂತು, ನಿಯಮಿತ ಅಂತರರಾಷ್ಟ್ರೀಯ ವಿಮಾನಗಳು ಊರ ಹತ್ತಿರಕ್ಕೆ ಮರಳಿದವು. ಹೊಲ ಕಳೆದುಕೊಂಡವರಿಗೆ ಇದನ್ನು ಕಂಡು ಏನನ್ನಿಸಿರಬೇಕು!

ಬೀಜಿಂಗ್‌ನದು ಬೇರೆ ಬಗೆ. ಅಲ್ಲಿನ ಹಳೆಯ ಕ್ಯಾಪಿಟಲ್ ನಿಲ್ದಾಣ ಮೂರು ರನ್‌ವೇಗಳಲ್ಲಿ 2018ರಲ್ಲಿ 10 ಕೋಟಿ ಪ್ರಯಾಣಿಕರನ್ನು ದಾಟಿತ್ತು. ತುಂಬಿದೆ ಎಂಬ ಮಾತಿಗೆ ಅದು ಅರ್ಹ. 2019ರ ಸೆಪ್ಟೆಂಬರ್‌ನಲ್ಲಿ ಹೊಸ ನಿಲ್ದಾಣ ದಾಶಿಂಗ್ ತೆರೆದಾಗ ನಗರಕ್ಕೆ ರೈಲು ಆಗಲೇ ಓಡುತ್ತಿತ್ತು. ದೇಶದೊಳಗಿನದು ಇಲ್ಲಿ, ವಿದೇಶದ್ದು ಅಲ್ಲಿ ಅಂತ ಸೀಳಲಿಲ್ಲ. ಚೈನಾ ಸದರ್ನ್‌ನಂಥ ಸಂಸ್ಥೆಯನ್ನೇ ಇಡಿಯಾಗಿ ಅಲ್ಲಿಗೆ ಸಾಗಿಸಿದರು. ಬದಲಿಸಿ ಹೋಗುವವರು ಒಂದೇ ಸೂರಿನ ಕೆಳಗೆ ಉಳಿಯಬೇಕಾದರೆ ಇದೇ ದಾರಿ.

ರೈಲಿನ ಮಾತು ಬಂತು. ವಾಷಿಂಗ್ಟನ್ನಿನ ಡಲ್ಲಸ್ ನಿಲ್ದಾಣ ತೆರೆದದ್ದು 1962ರಲ್ಲಿ. ಮೆಟ್ರೊ ಅಲ್ಲಿಗೆ ಮುಟ್ಟಿದ್ದು 2022ರ ನವೆಂಬರ್‌ನಲ್ಲಿ. ಅರವತ್ತು ವರ್ಷ! "ರೈಲು ಎರಡನೇ ಹಂತದಲ್ಲಿ" ಎಂಬ ಮಾತನ್ನು ಯಾವ ಪ್ರಸ್ತಾವದಲ್ಲಿ ಕಂಡರೂ ನನಗೆ ಈ ಅರವತ್ತು ನೆನಪಾಗುತ್ತದೆ. ರೈಲಿಗೆ ಇನ್ನೊಂದು ಪಾತ್ರವೂ ಇದೆ. 2008ರಲ್ಲಿ ಮ್ಯಾಡ್ರಿಡ್ ಮತ್ತು ಬಾರ್ಸಿಲೋನಾ ನಡುವೆ ಎರಡೂವರೆ ಗಂಟೆಯ ವೇಗದ ರೈಲು ಪೂರ್ತಿಯಾದಾಗ, ಜಗತ್ತಿನಲ್ಲೇ ಅತಿ ದಟ್ಟವಾದ ವಿಮಾನ ಮಾರ್ಗಗಳಲ್ಲಿ ಒಂದಾಗಿದ್ದ ಅಲ್ಲಿ ಜನ ರೈಲಿಗೆ ಹೊರಳಿದರು. ನಾನೂರು ಐನೂರು ಕಿಲೋಮೀಟರಿನ ಹಾರಾಟಗಳು ರೈಲಿಗೆ ಹೋದರೆ ಅಷ್ಟು ಸ್ಲಾಟ್‌ಗಳು (ಇಳಿಯಲು, ಏರಲು ಗೊತ್ತುಮಾಡಿದ ಹೊತ್ತುಗಳು) ದೂರದ ವಿಮಾನಗಳಿಗೆ ಬಿಡುವಾಗುತ್ತವೆ. ಎರಡನೇ ನಿಲ್ದಾಣದ ಅಗತ್ಯ ಹತ್ತಿಪ್ಪತ್ತು ವರ್ಷ ಮುಂದೆ ಹೋಗಬಹುದು.

ಆಕಾಶದ ಬಗ್ಗೆಯೂ ಒಂದು ಮಾತು. ನೆಲದ ಮೇಲೆ ನಿಲ್ದಾಣ ಎರಡಾದರೂ ಮೇಲಿನ ಆಕಾಶ ಒಂದೇ. ನ್ಯೂಯಾರ್ಕ್‌ನ ಕೆನಡಿ, ಲಗ್ವಾರ್ಡಿಯಾ, ನ್ಯೂವಾರ್ಕ್ ನಿಲ್ದಾಣಗಳು ಹತ್ತಿರ ಹತ್ತಿರ ಇರುವುದರಿಂದ ಗಾಳಿ ತಿರುಗಿ ಒಂದರಲ್ಲಿ ರನ್‌ವೇಯ ದಿಕ್ಕು ಬದಲಾದರೆ ಉಳಿದವೂ ತಮ್ಮ ಓಡಾಟ ಹೊಂದಿಸಿಕೊಳ್ಳಬೇಕಾಗುತ್ತದೆ. ಹಾಗೆಂದು ತೀರಾ ದೂರ ಹೋದರೆ ಜನ ಬರುವುದಿಲ್ಲ.

ಪ್ರಯಾಣಿಕರ ಮುಂದಿನ ಮೂವತ್ತು ವರ್ಷದ ಅಂದಾಜುಗಳನ್ನು ನಾನು ಬಹಳ ಎಚ್ಚರದಿಂದ ಓದುತ್ತೇನೆ. ಅಮೆರಿಕದ ಸೇಂಟ್ ಲೂಯಿಸ್ ಹೊಸ ರನ್‌ವೇಗೆ ನೂರು ಕೋಟಿ ಡಾಲರಿಗೂ ಹೆಚ್ಚು ಸುರಿಯಿತು. ಕೆಲಸ ನಡೆಯುತ್ತಿರುವಾಗಲೇ, 2001ರಲ್ಲಿ, ಅಲ್ಲಿ ಹಬ್ ಇಟ್ಟುಕೊಂಡಿದ್ದ ಟಿಡಬ್ಲ್ಯುಎ ಎಂಬ ವಿಮಾನಯಾನ ಸಂಸ್ಥೆ ಇನ್ನೊಂದು ಸಂಸ್ಥೆಯ ಪಾಲಾಯಿತು. 2003ರಲ್ಲಿ ಆ ಸಂಸ್ಥೆ ಹಬ್ಬನ್ನೇ ಕುಗ್ಗಿಸಿತು. 2006ರಲ್ಲಿ ರನ್‌ವೇ ಸಿದ್ಧವಾದಾಗ ಅದನ್ನು ತುಂಬುವಷ್ಟು ವಿಮಾನಗಳೇ ಇರಲಿಲ್ಲ.

ಹಾಗಾದರೆ ಕೈಕಟ್ಟಿ ಕೂರಬೇಕೇ? ಇಲ್ಲ. ಜಾಗವನ್ನು ಬೇಗ ಕಾಯ್ದಿರಿಸಿ, ಕಟ್ಟುವುದನ್ನು ತಡವಾಗಿ ಮಾಡಿ ಎಂಬುದು ನನ್ನ ನಿಲುವು. ಸಿಡ್ನಿ 1986ರಲ್ಲಿ ಬ್ಯಾಡ್ಜರೀಸ್ ಕ್ರೀಕ್ ಎಂಬ ಜಾಗವನ್ನು ಆರಿಸಿ ನೆಲ ಕೊಳ್ಳತೊಡಗಿತು, ಕಾಮಗಾರಿ ಆರಂಭಿಸಿದ್ದು 2018ರಲ್ಲಿ. ಈ ತಡ ರಾಜಕೀಯದ ಹಿಂಜರಿಕೆಯಿಂದಲೂ ಆದದ್ದು ನಿಜ. ಆದರೂ ಜಾಗ ಕೈಯಲ್ಲಿತ್ತು. ನಡುವಿನ ವರ್ಷಗಳಲ್ಲಿ ಇರುವ ನಿಲ್ದಾಣದಿಂದ ಆಗುವಷ್ಟನ್ನೂ ತೆಗೆಯಲು ಕಾಲ ಸಿಕ್ಕಿತು. ಹೀಗೆ ಕಾಯ್ದಿರಿಸುವಾಗಲೂ ರೈತರಿಗೆ ಸ್ಪಷ್ಟವಾಗಿ ಹೇಳಬೇಕು: ಯಾವ ಸರ್ವೆ ನಂಬರು, ಯಾವ ಬೆಲೆ, ಯಾವಾಗ. ಮೂವತ್ತು ವರ್ಷ ಹೊಲ ಮಾರಲೂ ಆಗದೆ, ಮನೆ ಕಟ್ಟಲೂ ಆಗದೆ ಜನರನ್ನು ತೂಗುಹಾಕುವುದು ಅನ್ಯಾಯ.

ನಿಮ್ಮ ನಗರದ ಪ್ರಸ್ತಾವದ ವರದಿ ಕೈಗೆ ಸಿಕ್ಕರೆ ಮುಖಪುಟದ ಚಿತ್ರ ಬಿಟ್ಟು ಒಳಗೆ ಹೋಗಿ. ಈಗಿನ ರನ್‌ವೇಯಲ್ಲಿ ದಟ್ಟಣೆಯ ಗಂಟೆಗೆ ಎಷ್ಟು ವಿಮಾನ, ಒಂದೊಂದರಲ್ಲಿ ಸರಾಸರಿ ಎಷ್ಟು ಜನ, ಇದೇ ಆವರಣದಲ್ಲಿ ಇನ್ನೊಂದು ರನ್‌ವೇ ಏಕೆ ಆಗದು, ಯಾವ ಸಂಸ್ಥೆ ಇಡಿಯಾಗಿ ಹೊಸದಕ್ಕೆ ಹೋಗಲು ಒಪ್ಪಿದೆ, ರೈಲು ಯಾವ ದಿನ ಓಡುತ್ತದೆ, ಅದಕ್ಕೆ ಹಣ ಮಂಜೂರಾಗಿದೆಯೇ. ಈ ಉತ್ತರಗಳೆಲ್ಲ ಇದ್ದು, ಅವು ಗಟ್ಟಿಯಾಗಿದ್ದರೆ, ನಾನೂ ಹೌದು ಅನ್ನುತ್ತೇನೆ. ಇಲ್ಲದಿದ್ದರೆ ಸಾರ್ವಜನಿಕ ಅಹವಾಲು ಸಭೆಗೆ ಹೋಗಿ, ಲಿಖಿತವಾಗಿ ಕೇಳಿ. ಜಮೀನು ಹೋಗುವ ಊರಿನವರನ್ನೂ ಜೊತೆಗೆ ಕರೆದುಕೊಂಡು ಹೋಗಿ.